ಲಂಡನ್ ದಾರಿಯ ಮೂರು ವಿಚಾರಣೆಗಳು

ಒಂದು ವಸಾಹತಿನ ನೆಲದ ಮೇಲೆ ಯಾವ ಸಂಸ್ಥೆಯ ವಿಮಾನ ಇಳಿಯಬೇಕು ಎಂಬುದನ್ನು ಅಲ್ಲಿನ ಆಡಳಿತ ಹೇಳಬೇಕೋ, ಅದನ್ನು ಆಳುವ ದೂರದ ಸರ್ಕಾರ ಹೇಳಬೇಕೋ ಎಂಬ ವ್ಯಾಜ್ಯವನ್ನು ಶಿವಮೊಗ್ಗದ ಕಾನೂನು ವಿದ್ಯಾರ್ಥಿಗಳೊಂದಿಗೆ ಅರ್ಜಿಯಿಂದ ಅಂತಿಮ ಆದೇಶದವರೆಗೆ ನಡೆಸಿ ನೋಡುವ ಅವಕಾಶ ನನಗೆ ದೊರೆಯಿತು. ಇಲ್ಲಿನ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಲೇ ನಾನು ಕಾನೂನು ಕಾಲೇಜೊಂದರಲ್ಲಿ ಬಿಡುವಿದ್ದಾಗ ಪಾಠ ಹೇಳುತ್ತೇನೆ. ಪ್ರತಿವರ್ಷ ನಡೆಯುವ ಅಣಕು ನ್ಯಾಯಾಲಯಕ್ಕೆ ಸಾಮಾನ್ಯವಾಗಿ ಜಾಮೀನು, ಜೀವನಾಂಶ, ಬಗರ್‌ಹುಕುಂ ಜಮೀನಿನ ತಕರಾರು ಇಂಥ ವಿಷಯಗಳೇ ಬರುತ್ತವೆ. ಈ ಸಲ ಮಾರ್ಗದರ್ಶನದ ಹೊಣೆ ನನ್ನ ಪಾಲಿಗೆ ಬಂದಾಗ, ಆಗ ಬ್ರಿಟಿಷ್ ವಸಾಹತಾಗಿದ್ದ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ವಿಮಾನ ಹಾರಿಸುವ ಪರವಾನಗಿಗಾಗಿ 1979 ಮತ್ತು 1980ರಲ್ಲಿ ನಡೆದ ಹೋರಾಟವನ್ನು ಆರಿಸಿಕೊಂಡೆ.

ಅದಕ್ಕೆ ಹತ್ತಿರದ ಕಾರಣವೊಂದಿತ್ತು. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದ ಮೇಲೆ, ಯಾವ ಊರಿಗೆ ವಿಮಾನ ಬರಬೇಕು, ಯಾರು ಹಾರಿಸಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಿದ್ದರು. ದೇಶದೊಳಗಿನ ಹಾರಾಟದ ಮಟ್ಟಿಗೆ ಉತ್ತರ ಕಷ್ಟದ್ದಲ್ಲ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ಸರ್ಕಾರಿ ಸಂಸ್ಥೆಗಳ ಏಕಸ್ವಾಮ್ಯ ಹೋಯಿತು; ಉಡಾನ್ ಯೋಜನೆಯಲ್ಲಿ ಹರಾಜಿನ ಮೂಲಕ ಮಾರ್ಗ ಪಡೆದ ಸಂಸ್ಥೆಗೆ ಮೂರು ವರ್ಷ ಆ ಮಾರ್ಗದ ಮೀಸಲು ಹಕ್ಕು ಮತ್ತು ಸಹಾಯಧನ ಸಿಗುತ್ತದೆ. ಆದರೆ ಗಡಿ ದಾಟುವ ವಿಮಾನದ ವಿಷಯದಲ್ಲಿ ಪ್ರಶ್ನೆಯ ಬೇರು ಸಾರ್ವಭೌಮತ್ವದಲ್ಲಿದೆ. ಆ ಬೇರನ್ನು ತೋರಿಸಲು ಹಾಂಗ್‌ಕಾಂಗ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ವಾದಪತ್ರ ಬರೆಯುವುದಕ್ಕೆ ಮೊದಲು 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದವನ್ನು ಎಲ್ಲರೂ ಒಟ್ಟಿಗೆ ಕುಳಿತು ಓದಬೇಕೆಂದು ನಿಯಮ ಮಾಡಿದೆ. ಮೊದಲ ವಿಧಿ ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಪ್ರದೇಶದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಮತ್ತು ಅನನ್ಯ ಸಾರ್ವಭೌಮತ್ವವಿದೆ ಎಂದು ಹೇಳುತ್ತದೆ. ಎರಡನೆಯ ವಿಧಿ 'ಪ್ರದೇಶ' ಎಂದರೇನು ಎಂದು ವಿವರಿಸುತ್ತದೆ: ಆ ರಾಷ್ಟ್ರದ ಸಾರ್ವಭೌಮತ್ವ, ಅಧಿರಾಜತ್ವ, ರಕ್ಷಣೆ ಅಥವಾ ಆದೇಶಾಡಳಿತದ ಅಡಿಯಲ್ಲಿರುವ ನೆಲ ಮತ್ತು ಅದಕ್ಕೆ ಸೇರಿದ ಜಲಭಾಗ. ಈ ಒಂದು ವಾಕ್ಯದಿಂದ ಹಾಂಗ್‌ಕಾಂಗ್‌ನ ಆಕಾಶ ಕಾನೂನಿನ ಕಣ್ಣಿನಲ್ಲಿ ಬ್ರಿಟನ್ನಿನ ಆಕಾಶವಾಗುತ್ತದೆ. ಆರನೆಯ ವಿಧಿಯ ಪ್ರಕಾರ ವೇಳಾಪಟ್ಟಿಯಂತೆ ಹಾರುವ ಅಂತರರಾಷ್ಟ್ರೀಯ ವಿಮಾನ ಇನ್ನೊಂದು ದೇಶದಲ್ಲಿ ಇಳಿಯಬೇಕಾದರೆ ಆ ದೇಶದ ವಿಶೇಷ ಅನುಮತಿ ಬೇಕು. ಏಳನೆಯ ವಿಧಿ ಒಂದು ದೇಶದ ಪ್ರದೇಶದೊಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಣ ಪಡೆದು ಪ್ರಯಾಣಿಕರನ್ನು ಒಯ್ಯುವುದನ್ನು ಪರದೇಶದ ವಿಮಾನಗಳಿಗೆ ನಿರಾಕರಿಸುವ ಹಕ್ಕನ್ನು ಕೊಡುತ್ತದೆ.

ಎರಡನೆಯ ಮತ್ತು ಏಳನೆಯ ವಿಧಿಗಳನ್ನು ಜೋಡಿಸಿ ಓದಿದರೆ ಏನಾಗುತ್ತದೆ ಎಂದು ಕೇಳಿದೆ. ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಗೋಡೆಗೆ ತೂಗುಹಾಕಿದ್ದ ಭೂಪಟದ ಮುಂದೆ ನಿಂತು ಹಾಂಗ್‌ಕಾಂಗ್‌ನಿಂದ ಬಹರೈನ್‌ವರೆಗೆ, ಅಲ್ಲಿಂದ ಲಂಡನ್ನಿನ ಗ್ಯಾಟ್ವಿಕ್‌ವರೆಗೆ ಕೆಂಪು ನೂಲು ಎಳೆದು ಗುಂಡುಸೂಜಿ ಚುಚ್ಚಿದಳು. "ಅಂದರೆ ಮೇಡಂ, ಇಷ್ಟುದ್ದದ ದಾರಿಯೂ ಕಾನೂನಿನ ಪ್ರಕಾರ ಒಂದೇ ದೇಶದ ಒಳದಾರಿ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಹಾಗಾಗಿಯೇ ಈ ಮಾರ್ಗದ ಎರಡು ತುದಿಗಳ ಮಟ್ಟಿಗೆ ಬೇರೆ ದೇಶದೊಂದಿಗೆ ಒಪ್ಪಂದದ ಅಗತ್ಯವಿರಲಿಲ್ಲ, ಬೇರೆ ದೇಶದವರಿಗೆ ಪ್ರವೇಶವೂ ಇರಲಿಲ್ಲ. ವ್ಯಾಜ್ಯವೆಲ್ಲ ಒಂದೇ ಸಾಮ್ರಾಜ್ಯದ ಎರಡು ಆಡಳಿತಗಳ ನಡುವೆ ಉಳಿಯಿತು. ಹಾರಾಟಕ್ಕೆ ಎರಡು ಪರವಾನಗಿ ಬೇಕಿದ್ದವು: ಹಾಂಗ್‌ಕಾಂಗ್‌ನ ವಾಯುಸಾರಿಗೆ ಪರವಾನಗಿ ಪ್ರಾಧಿಕಾರದ್ದು ಒಂದು, ಲಂಡನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ್ದು ಇನ್ನೊಂದು. ಒಂದು ಸಿಕ್ಕು ಇನ್ನೊಂದು ಸಿಗದಿದ್ದರೆ ವಿಮಾನ ನೆಲ ಬಿಡುವಂತಿರಲಿಲ್ಲ.

ಬೇರೆ ದೇಶಗಳ ಸಂಸ್ಥೆಗಳ ವಿಷಯದಲ್ಲಿ ಹಾಂಗ್‌ಕಾಂಗ್‌ನವರ ಅಸಮಾಧಾನ ಇನ್ನೂ ಆಳವಾಗಿತ್ತು. ಬ್ರಿಟನ್ ಮತ್ತು ಅಮೆರಿಕ 1946ರಲ್ಲಿ ಬರ್ಮುಡಾದಲ್ಲಿ ಮಾಡಿಕೊಂಡ ಒಪ್ಪಂದದ ಮಾದರಿಯಲ್ಲಿ ದೇಶದೇಶಗಳು ಇಳಿಯುವ ಹಕ್ಕನ್ನು ಕೊಟ್ಟು ಪಡೆಯುವ ಪದ್ಧತಿ ನೆಲೆಯೂರಿತು. ಆ ಬರ್ಮುಡಾ ಕೂಡ ಬ್ರಿಟನ್ನಿನ ವಸಾಹತೇ. ಏಷ್ಯಾದ ಯಾವುದೋ ಸಂಸ್ಥೆ ಕೈ ಟಕ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕೆಂದರೆ ಮಾತುಕತೆಯ ಮೇಜಿನ ಆಚೆ ಬದಿಯಲ್ಲಿ ಕೂರುತ್ತಿದ್ದವರು ಲಂಡನ್ನಿನ ಅಧಿಕಾರಿಗಳು. ಹಾಂಗ್‌ಕಾಂಗ್‌ನಲ್ಲಿ ಇಳಿಯುವ ಹಕ್ಕನ್ನು ಕೊಟ್ಟು ಪ್ರತಿಯಾಗಿ ಬ್ರಿಟನ್ನಿನ ಸಂಸ್ಥೆಗೆ ಇನ್ನೆಲ್ಲೋ ಇಳಿಯುವ ಹಕ್ಕನ್ನು ಅವರು ಪಡೆಯಬಹುದಿತ್ತು. ರನ್‌ವೇ ಕೌಲೂನ್ ಕೊಲ್ಲಿಯ ನೀರಿನ ಮೇಲೆ ಮಣ್ಣು ತುಂಬಿಸಿ ಹಾಂಗ್‌ಕಾಂಗ್‌ನವರು ಕಟ್ಟಿಕೊಂಡದ್ದು, ಅದರ ಸದ್ದನ್ನು ಹಗಲಿರುಳು ಸಹಿಸಿದವರು ಕೌಲೂನ್ ನಗರದ ಮನೆಗಳಲ್ಲಿದ್ದವರು. ಅದರ ಮೇಲೆ ಇಳಿಯುವ ಹಕ್ಕಿನ ಬೆಲೆ ಜಮೆಯಾಗುತ್ತಿದ್ದದ್ದು ಬೇರೆಯವರ ಖಾತೆಗೆ.

ಇದನ್ನು ವಿವರಿಸುವಾಗ ಸಾಗರದ ವಿದ್ಯಾರ್ಥಿಯೊಬ್ಬ ಎದ್ದು ನಿಂತ. ಅವನ ಅಜ್ಜನ ಮನೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ್ದು. "ನಮ್ಮ ಅಜ್ಜ ಹೇಳೋರು ಮೇಡಂ, ಶರಾವತಿ ನೀರಿಂದ ಊರೂರಿಗೆ ದೀಪ ಬಂತು, ಮುಳುಗಡೆಯವರು ಚಿಮಣಿ ಬುಡ್ಡಿ ಇಟ್ಕೊಂಡೇ ಎಷ್ಟೋ ವರ್ಷ ಕಳೆದ್ವಿ ಅಂತ" ಎಂದ. ತರಗತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡಕ್ಕೂ ವ್ಯತ್ಯಾಸವಿದೆ, ನಮಗೆ ಮತವಿತ್ತು, ಶಾಸಕರಿದ್ದರು, ಹಾಂಗ್‌ಕಾಂಗ್‌ನವರಿಗೆ ಅದೂ ಇರಲಿಲ್ಲ ಎಂದು ನಾನು ಹೇಳಬೇಕಾಯಿತು. ಆದರೂ ಹಾಂಗ್‌ಕಾಂಗ್ ಪರ ವಾದ ಮಾಡುವ ತಂಡಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದೆ, ಏಕೆಂದರೆ ವಿಷಯ ಅವನಿಗೆ ಪುಸ್ತಕದ ಹೊರಗಿನಿಂದಲೂ ಅರ್ಥವಾಗಿತ್ತು.

ಕಕ್ಷಿದಾರರ ಹಿನ್ನೆಲೆಯನ್ನು ತಿಳಿಯದೆ ಈ ಪ್ರಕರಣ ನಡೆಸಲು ಬರುವುದಿಲ್ಲ. ಲಂಡನ್–ಹಾಂಗ್‌ಕಾಂಗ್ ಮಾರ್ಗವನ್ನು ಅಲ್ಲಿಯವರೆಗೆ ತನ್ನದಾಗಿ ಇಟ್ಟುಕೊಂಡಿದ್ದದ್ದು ಬ್ರಿಟಿಷ್ ಏರ್‌ವೇಸ್, ಅದಕ್ಕೂ ಮೊದಲು ಅದರ ಪೂರ್ವಜ ಸಂಸ್ಥೆಯಾದ ಬಿಒಎಸಿ. ಆ ಮಾರ್ಗಕ್ಕೆ ಹೊಸದಾಗಿ ಅರ್ಜಿ ಹಾಕಿದವರಲ್ಲಿ ಮುಖ್ಯರು ಮೂವರು. 1970ರಲ್ಲಿ ಎರಡು ಖಾಸಗಿ ಸಂಸ್ಥೆಗಳ ವಿಲೀನದಿಂದ ಹುಟ್ಟಿದ ಬ್ರಿಟಿಷ್ ಕ್ಯಾಲೆಡೋನಿಯನ್ ಒಂದು. 1977ರಲ್ಲಿ ಲಂಡನ್–ನ್ಯೂಯಾರ್ಕ್ ನಡುವೆ ಸ್ಕೈಟ್ರೇನ್ ಎಂಬ ಅಗ್ಗದ ಸೇವೆ ಆರಂಭಿಸಿ ಹೆಸರು ಮಾಡಿದ್ದ ಫ್ರೆಡ್ಡಿ ಲೇಕರ್ ಅವರ ಸಂಸ್ಥೆ ಇನ್ನೊಂದು. ಮೂರನೆಯದು ಹಾಂಗ್‌ಕಾಂಗ್‌ನ ಕ್ಯಾಥೆ ಪೆಸಿಫಿಕ್.

ಕ್ಯಾಥೆಯ ಕಥೆಯಲ್ಲೇ ಇಳಿಯುವ ಹಕ್ಕಿನ ರಾಜಕೀಯ ಪೂರ್ತಿ ಅಡಗಿದೆ. ಅದನ್ನು 1946ರಲ್ಲಿ ಕಟ್ಟಿದವರು ರಾಯ್ ಫ್ಯಾರೆಲ್ ಎಂಬ ಅಮೆರಿಕನ್ ಮತ್ತು ಸಿಡ್ನಿ ಡಿ ಕಾಂಟ್ಜೋ ಎಂಬ ಆಸ್ಟ್ರೇಲಿಯನ್, ಇಬ್ಬರೂ ಯುದ್ಧಕಾಲದಲ್ಲಿ ಹಿಮಾಲಯದ ಮೇಲೆ ಸರಕು ಹೊತ್ತು ಹಾರಿದ್ದ ವೈಮಾನಿಕರು. ಒಂದು ವಿಮಾನ ಸಂಸ್ಥೆಯ ಒಡೆತನ ಮತ್ತು ಹಿಡಿತ ಬಹುಪಾಲು ಆ ದೇಶದವರದ್ದೇ ಆಗಿರಬೇಕು ಎಂಬ ಷರತ್ತು ವಿಮಾನ ಒಪ್ಪಂದಗಳಲ್ಲಿ ಸಾಮಾನ್ಯ. ಬ್ರಿಟಿಷ್ ವಸಾಹತಿನಿಂದ ಹಾರುವ ಸಂಸ್ಥೆಯಲ್ಲಿ ಅಮೆರಿಕನ್ನನ ದೊಡ್ಡ ಪಾಲು ಇರುವುದು ಆಡಳಿತಕ್ಕೆ ಒಪ್ಪಿಗೆಯಾಗಲಿಲ್ಲ. 1948ರಲ್ಲಿ ಅದರ ಅತಿ ದೊಡ್ಡ ಪಾಲು ಬಟರ್‌ಫೀಲ್ಡ್ ಅಂಡ್ ಸ್ವೈರ್ ಎಂಬ ಬ್ರಿಟಿಷ್ ವ್ಯಾಪಾರಿ ಮನೆತನದ ಕೈ ಸೇರಿತು. ಸ್ವಲ್ಪದರಲ್ಲೇ ಹಾಂಗ್‌ಕಾಂಗ್‌ನ ಆಡಳಿತ ದಿಕ್ಕುಗಳನ್ನೇ ಹಂಚಿಬಿಟ್ಟಿತು: ಉತ್ತರದ ಚೀನಾ, ಜಪಾನ್ ಮಾರ್ಗಗಳು ಹಾಂಗ್‌ಕಾಂಗ್ ಏರ್‌ವೇಸ್‌ಗೆ, ದಕ್ಷಿಣದವು ಕ್ಯಾಥೆಗೆ. 1959ರಲ್ಲಿ ಕ್ಯಾಥೆ ಆ ಹಾಂಗ್‌ಕಾಂಗ್ ಏರ್‌ವೇಸ್ ಅನ್ನೂ ಕೊಂಡಿತು. ಇಷ್ಟೆಲ್ಲ ಬೆಳೆದರೂ ಸಾಮ್ರಾಜ್ಯದ ರಾಜಧಾನಿಗೆ ಹೋಗುವ ದಾರಿ ಮಾತ್ರ ಅದಕ್ಕೆ ಮುಚ್ಚಿಯೇ ಇತ್ತು.

ತಂಡಗಳನ್ನು ಹಂಚಿದ ಮೇಲೆ ಕೆಲಸ ನಿಜವಾಗಿ ಶುರುವಾಯಿತು. ಪ್ರತಿಯೊಂದು ತಂಡವೂ ಅರ್ಜಿ, ಆಕ್ಷೇಪಣೆ, ಸಾಕ್ಷಿಪಟ್ಟಿ ಮತ್ತು ಲಿಖಿತ ವಾದವನ್ನು ಕನ್ನಡದಲ್ಲೇ ಸಿದ್ಧಪಡಿಸಬೇಕಿತ್ತು. ಬ್ರಿಟನ್ನಿನ 1971ರ ನಾಗರಿಕ ವಿಮಾನಯಾನ ಕಾಯ್ದೆಯ ಮೂರನೆಯ ಕಲಮಿನ ಮೇಲೆ ನಾವು ಬಹಳ ಹೊತ್ತು ನಿಂತೆವು. ಬ್ರಿಟಿಷ್ ಏರ್‌ವೇಸ್‌ನ ಹಿಡಿತದಲ್ಲಿಲ್ಲದ ಕನಿಷ್ಠ ಒಂದು ದೊಡ್ಡ ಬ್ರಿಟಿಷ್ ವಿಮಾನ ಸಂಸ್ಥೆಗೆ ಅವಕಾಶ ದೊರೆಯುವಂತೆ ನೋಡಿಕೊಳ್ಳುವುದು ಪ್ರಾಧಿಕಾರದ ಗುರಿಗಳಲ್ಲಿ ಒಂದೆಂದು ಆ ಕಲಮು ಹೇಳುತ್ತದೆ. ಬ್ರಿಟಿಷ್ ಕ್ಯಾಲೆಡೋನಿಯನ್ ಪರ ತಂಡಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿರಲಿಲ್ಲ. ಕ್ಯಾಥೆಯ ಬಂಡವಾಳ ಬ್ರಿಟಿಷರದ್ದಾಗಿದ್ದರೂ ಅದರ ವ್ಯವಹಾರದ ಮುಖ್ಯ ನೆಲೆ ಹಾಂಗ್‌ಕಾಂಗ್. ಹಾಗಾಗಿ ಕಾಯ್ದೆ ಮನಸ್ಸಿನಲ್ಲಿಟ್ಟುಕೊಂಡ ಬ್ರಿಟಿಷ್ ಸಂಸ್ಥೆ ಅದಲ್ಲ. ಆಕಾಶದ ವಿಷಯ ಬಂದಾಗ ಹಾಂಗ್‌ಕಾಂಗ್ ಬ್ರಿಟನ್ನಿನ ಭಾಗ, ಅವಕಾಶದ ವಿಷಯ ಬಂದಾಗ ಅದು ಹೊರಗಿನದು. ಈ ಎರಡು ಮುಖಗಳನ್ನು ಒಂದೇ ವಾದಪತ್ರದಲ್ಲಿ ಎದುರುಬದುರು ನಿಲ್ಲಿಸಿದ ಸಾಗರದ ಹುಡುಗನ ಬರವಣಿಗೆಯನ್ನು ಓದಿದಾಗ, ಅನುಭವಿ ವಕೀಲರ ವಾದಪತ್ರಕ್ಕೆ ಅದು ಯಾವ ರೀತಿಯಲ್ಲೂ ಕಡಿಮೆಯಲ್ಲ ಎನಿಸಿತು.

ಮೊದಲ ವಿಚಾರಣೆ ಹಾಂಗ್‌ಕಾಂಗ್ ಪ್ರಾಧಿಕಾರದ ಮುಂದೆ. ನ್ಯಾಯಾಂಗ ಸೇವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಪೀಠದಲ್ಲಿ ಕುಳಿತಿದ್ದರು. ಆರಿದ್ರೆ ಮಳೆ ಹಿಡಿದಿದ್ದರಿಂದ ಸಭಾಂಗಣದ ಶೀಟಿನ ಮೇಲೆ ಬೀಳುವ ನೀರಿನ ಸದ್ದಿಗೆ ವಾದ ಕೇಳಿಸದೆ ಎರಡು ಸಲ ವಿಚಾರಣೆ ನಿಲ್ಲಿಸಬೇಕಾಯಿತು. ಕ್ಯಾಥೆ ಪರ ತಂಡ ಮುಂದಿಟ್ಟ ಸಾಕ್ಷ್ಯ ಜನರ ಅಗತ್ಯದ ಸುತ್ತ ಇತ್ತು: ಬ್ರಿಟನ್ನಿನಲ್ಲಿ ಓದುವ ಹಾಂಗ್‌ಕಾಂಗ್‌ನ ಮಕ್ಕಳು, ಅಲ್ಲಿನ ಹೋಟೆಲುಗಳಲ್ಲಿ ದುಡಿಯುವ ನ್ಯೂ ಟೆರಿಟರೀಸ್‌ನ ಹಳ್ಳಿಗರು, ರಫ್ತಿನ ಸರಕು. ಒಂದೇ ಸಂಸ್ಥೆಯ ಕೈಯಲ್ಲಿ ಮಾರ್ಗವಿದ್ದರೆ ದರ ಇಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಬ್ರಿಟಿಷ್ ಏರ್‌ವೇಸ್ ಪಾತ್ರ ವಹಿಸಿದ್ದ ಭದ್ರಾವತಿಯ ವಿದ್ಯಾರ್ಥಿನಿ ಸಾಕ್ಷಿಯನ್ನು ಪಾಟೀಸವಾಲಿಗೆ ಎಳೆದಾಗ ಸಭೆ ಚುರುಕಾಯಿತು. "ನಾಳೆ ಎಲ್ಲ ಸಂಸ್ಥೆಗಳೂ ನಷ್ಟದಲ್ಲಿ ಹಾರಿ, ನಾಡಿದ್ದು ಒಂದೊಂದಾಗಿ ಮಾರ್ಗ ಬಿಟ್ಟುಹೋದರೆ ನಿಮ್ಮ ಮಕ್ಕಳು ಯಾವ ವಿಮಾನದಲ್ಲಿ ಊರಿಗೆ ಬರುತ್ತಾರೆ?" ಎಂಬ ಅವಳ ಪ್ರಶ್ನೆಗೆ ಸಾಕ್ಷಿ ತಡವರಿಸಿದ. ಮಾರ್ಗಪರವಾನಗಿ ಪದ್ಧತಿಯನ್ನು ಬೆಂಬಲಿಸುವವರ ಅತ್ಯಂತ ಪ್ರಾಮಾಣಿಕ ವಾದ ಅದೇ, ಅದನ್ನು ಅವಳು ಪೂರ್ತಿ ಗೌರವದಿಂದ ಮಂಡಿಸಿದಳು. ಪೀಠ ಕ್ಯಾಥೆಗೆ ಪರವಾನಗಿ ಕೊಟ್ಟಿತು. ಇತಿಹಾಸದಲ್ಲೂ ಹಾಂಗ್‌ಕಾಂಗ್‌ನ ಪ್ರಾಧಿಕಾರ ತನ್ನ ನೆಲದ ಸಂಸ್ಥೆಗೆ ಪರವಾನಗಿ ಕೊಟ್ಟಿತ್ತು.

ಎರಡನೆಯ ವಿಚಾರಣೆಗೆ ಕುರ್ಚಿ ಮೇಜುಗಳನ್ನು ತಿರುಗಿಸಿ ಹಾಕಿಸಿದೆ, ಪೀಠವನ್ನೂ ಬದಲಿಸಿದೆ. ಲಂಡನ್ನಿನಲ್ಲಿ ಅದೇ ಸಾಕ್ಷಿಗಳು, ಅದೇ ಅಂಕಿಗಳು ಬೇರೆ ತೂಕ ಪಡೆಯುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಮೈಮೇಲೆ ಎಳೆದುಕೊಂಡು ಕಲಿಯಬೇಕಿತ್ತು. ಮೊದಲ ದಿನ ಮೆಚ್ಚುಗೆ ಪಡೆದಿದ್ದ ಹಳ್ಳಿಗರ ಸಾಕ್ಷ್ಯವನ್ನು ಇಲ್ಲಿನ ಪೀಠ ನಾಲ್ಕು ಮಾತಿನಲ್ಲಿ ದಾಖಲಿಸಿ ಮುಂದೆ ಹೋಯಿತು. 1971ರ ಕಾಯ್ದೆಯ ಗುರಿ, ಎರಡನೆಯ ದೊಡ್ಡ ಬ್ರಿಟಿಷ್ ಸಂಸ್ಥೆಯ ಬೆಳವಣಿಗೆ, ಮಾರ್ಗದಲ್ಲಿ ಎಷ್ಟು ಆಸನಗಳಿಗೆ ಜಾಗವಿದೆ ಎಂಬ ಲೆಕ್ಕ, ಇವೇ ಚರ್ಚೆಯ ಕೇಂದ್ರವಾದವು. 1980ರ ಮಾರ್ಚ್‌ನಲ್ಲಿ ಲಂಡನ್ನಿನ ಪ್ರಾಧಿಕಾರ ಬ್ರಿಟಿಷ್ ಕ್ಯಾಲೆಡೋನಿಯನ್‌ಗೆ ಮಾತ್ರ ಪರವಾನಗಿ ಕೊಟ್ಟು ಕ್ಯಾಥೆ ಮತ್ತು ಲೇಕರ್ ಅರ್ಜಿಗಳನ್ನು ತಳ್ಳಿಹಾಕಿತ್ತು. ನಮ್ಮ ಪೀಠಕ್ಕೆ ಆ ಫಲಿತಾಂಶವನ್ನೇ ಕೊಡಬೇಕೆಂಬ ಕಟ್ಟುಪಾಡು ಇರಲಿಲ್ಲ, ಆದರೂ ಕಾಯ್ದೆಯ ಅಕ್ಷರವನ್ನು ಹಿಡಿದು ಹೋದಾಗ ಅದೇ ತೀರ್ಮಾನಕ್ಕೆ ಬಂತು. ಆದೇಶ ಓದುವಾಗ ಸಾಗರದ ಹುಡುಗನ ಮುಖ ನೋಡಿದೆ. ಅವನು ತಲೆ ತಗ್ಗಿಸಿ ಮೇಲ್ಮನವಿಯ ಆಧಾರಗಳನ್ನು ಬರೆಯಲು ಆಗಲೇ ಶುರುಮಾಡಿದ್ದ.

ಹಾಂಗ್‌ಕಾಂಗ್‌ನಲ್ಲಿ ಈ ತೀರ್ಪು ಎಬ್ಬಿಸಿದ ಸಿಟ್ಟನ್ನು ಅರ್ಥಮಾಡಿಕೊಳ್ಳಲು ಕೈ ಟಕ್‌ನ ಇನ್ನೊಂದು ಹಳೆಯ ಪ್ರಕರಣವನ್ನು ನಡುವೆ ಹೇಳಿದೆ. 1949ರಲ್ಲಿ ಚೀನಾದಲ್ಲಿ ಆಡಳಿತ ಬದಲಾದಾಗ ಅಲ್ಲಿನ ಎರಡು ವಿಮಾನ ಸಂಸ್ಥೆಗಳ 71 ವಿಮಾನಗಳು ಕೈ ಟಕ್‌ನಲ್ಲಿ ಉಳಿದುಹೋದವು. ಅವು ಯಾರವು ಎಂಬ ದಾವೆಯಲ್ಲಿ ಹಾಂಗ್‌ಕಾಂಗ್‌ನ ನ್ಯಾಯಾಲಯಗಳು, ಅವನ್ನು ತಾನು ಕೊಂಡಿರುವುದಾಗಿ ಹೇಳಿದ, ಅಮೆರಿಕದಲ್ಲಿ ನೋಂದಾಯಿಸಿದ ಕಂಪನಿಯ ಕೋರಿಕೆಯನ್ನು ಒಪ್ಪಲಿಲ್ಲ. 1950ರ ಮೇ ತಿಂಗಳಲ್ಲಿ ಲಂಡನ್ನಿನಿಂದ ರಾಜಾಜ್ಞೆಯೊಂದು ಹೊರಟಿತು, 1952ರಲ್ಲಿ ವಸಾಹತುಗಳ ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಹಾಂಗ್‌ಕಾಂಗ್ ನ್ಯಾಯಾಲಯಗಳ ತೀರ್ಪನ್ನು ತಿರುಗಿಸಿ ವಿಮಾನಗಳು ಅಮೆರಿಕನ್ ಕಂಪನಿಗೆ ಸೇರಬೇಕೆಂದಿತು. ಒಪ್ಪಂದದ ಕಾನೂನಿನ ದೃಷ್ಟಿಯಿಂದ ಆ ತೀರ್ಪಿಗೆ ಸಮರ್ಥನೆಯಿದೆ ಎಂದು ಹೇಳುವವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು, ಕೈ ಟಕ್‌ನ ನೆಲದ ಮೇಲೆ ನಿಂತ ವಿಮಾನದ ಹಣೆಬರಹ ಬರೆಯುವ ಕೊನೆಯ ಕೈ ಯಾವತ್ತೂ ಲಂಡನ್ನಿನಲ್ಲಿತ್ತು ಎಂಬ ಸಂಗತಿ.

ಮೂರನೆಯ ಹಂತ ವ್ಯಾಪಾರ ಸಚಿವರ ಮುಂದೆ ಮೇಲ್ಮನವಿ. ಇದಕ್ಕಾಗಿ 1977ರ ಲೇಕರ್ ಏರ್‌ವೇಸ್ ವಿರುದ್ಧ ವ್ಯಾಪಾರ ಇಲಾಖೆ ಪ್ರಕರಣವನ್ನು ಎಲ್ಲರಿಗೂ ಓದಲು ಕೊಟ್ಟಿದ್ದೆ. ಪ್ರಾಧಿಕಾರಕ್ಕೆ ನೀತಿ ಮಾರ್ಗದರ್ಶನ ಕೊಡುವ ನೆಪದಲ್ಲಿ ಸಚಿವರು ಕಾಯ್ದೆಯ ಗುರಿಗಳನ್ನೇ ಬುಡಮೇಲು ಮಾಡುವಂತಿಲ್ಲ ಎಂದು ಲಾರ್ಡ್ ಡೆನ್ನಿಂಗ್ ಅವರಿದ್ದ ಮೇಲ್ಮನವಿ ನ್ಯಾಯಾಲಯ ಅದರಲ್ಲಿ ಹೇಳಿತ್ತು. ಹಾಗಾದರೆ ಮೇಲ್ಮನವಿಯಲ್ಲಿ ಸಚಿವರು ಎಷ್ಟರಮಟ್ಟಿಗೆ ಪ್ರಾಧಿಕಾರದ ತೀರ್ಮಾನವನ್ನು ಬದಲಿಸಬಹುದು? ಮಾರ್ಗದರ್ಶನ ಕೊಡುವ ಅಧಿಕಾರ ಬೇರೆ, ಮೇಲ್ಮನವಿ ಕೇಳುವ ಅಧಿಕಾರ ಬೇರೆ ಎಂಬ ಸೂಕ್ಷ್ಮವನ್ನು ಹೊಸನಗರದ ವಿದ್ಯಾರ್ಥಿಯೊಬ್ಬ ಹಿಡಿದ. ಅವನೇ ಸಚಿವನ ಪಾತ್ರಕ್ಕೆ ಆಯ್ಕೆಯಾದ.

ಕ್ಯಾಥೆ ಪರ ಮೇಲ್ಮನವಿಯ ಮುಖ್ಯ ವಾದ ಹೀಗಿತ್ತು: ಮಾರ್ಗಕ್ಕೆ ಎರಡು ತುದಿಗಳಿವೆ, ಒಂದು ತುದಿಯ ಪ್ರಾಧಿಕಾರ ಅಲ್ಲಿನ ಜನರನ್ನು ಕೇಳಿ ಕೊಟ್ಟ ತೀರ್ಮಾನವನ್ನು ಇನ್ನೊಂದು ತುದಿಯ ಪ್ರಾಧಿಕಾರ ತನ್ನ ದೇಶದ ಸಂಸ್ಥೆಗಳ ಹಿತ ನೋಡಿ ಬದಿಗಿಟ್ಟರೆ, ಮೊದಲನೆಯ ವಿಚಾರಣೆ ನಡೆಸಿದ್ದಾದರೂ ಏಕೆ? ಲಂಡನ್ ಪರ ತಂಡವೂ ಸೋಲೊಪ್ಪಲಿಲ್ಲ. ಬ್ರಿಟನ್ನಿನ ಸಂಸತ್ತು ಬ್ರಿಟನ್ನಿನ ವಿಮಾನೋದ್ಯಮಕ್ಕಾಗಿ ಮಾಡಿದ ಕಾಯ್ದೆಯನ್ನು ಅದೇ ದೇಶದ ಪ್ರಾಧಿಕಾರ ಪಾಲಿಸಿದ್ದಕ್ಕೆ ತಪ್ಪು ಹೊರಿಸಲಾಗದು, ಕಾಯ್ದೆ ಸಾಲದಿದ್ದರೆ ಸಂಸತ್ತಿಗೆ ಹೋಗಿ ಎಂದರು. 'ಸಚಿವ'ನಾಗಿದ್ದವನು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳಿಸಿಕೊಂಡು, ಮರುದಿನ ಬರೆದು ತಂದ ಆದೇಶದಲ್ಲಿ ಕ್ಯಾಥೆಗೆ ಪರವಾನಗಿ ಕೊಟ್ಟು, ಬ್ರಿಟಿಷ್ ಕ್ಯಾಲೆಡೋನಿಯನ್‌ನದನ್ನು ಉಳಿಸಿ, ಲೇಕರ್ ಅರ್ಜಿಯನ್ನು ತಿರಸ್ಕರಿಸಿದ. ಬಳಿಕ ನಿಜವಾದ ಫಲಿತಾಂಶವನ್ನು ತಿಳಿಸಿದೆ. 1980ರ ಜೂನ್‌ನಲ್ಲಿ ಸಚಿವ ಜಾನ್ ನಾಟ್ ಪ್ರಾಧಿಕಾರದ ತೀರ್ಮಾನವನ್ನು ಬದಲಿಸಿ ಕ್ಯಾಥೆ ಮತ್ತು ಲೇಕರ್ ಮೇಲ್ಮನವಿಗಳನ್ನೂ ಪುರಸ್ಕರಿಸಿದ್ದರು. ಮರು ತಿಂಗಳೇ ಕ್ಯಾಥೆಯ ಬೋಯಿಂಗ್ 747 ವಿಮಾನ ಬಹರೈನ್ ಮಾರ್ಗವಾಗಿ ಗ್ಯಾಟ್ವಿಕ್‌ನಲ್ಲಿ ಇಳಿಯಿತು. ಲೇಕರ್ ಸಂಸ್ಥೆ 1982ರ ಫೆಬ್ರವರಿಯಲ್ಲಿ ದಿವಾಳಿಯಾಯಿತು.

ಆದೇಶದ ನಂತರದ ಚರ್ಚೆಯೇ ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿತು. ಭದ್ರಾವತಿಯ ವಿದ್ಯಾರ್ಥಿನಿ ನೇರವಾಗಿ ಕೇಳಿದಳು: "ಇದರಲ್ಲಿ ಹಾಂಗ್‌ಕಾಂಗ್ ಗೆದ್ದಿತು ಅಂತ ಹೇಗೆ ಹೇಳ್ತೀರಿ ಮೇಡಂ? ಕ್ಯಾಥೆಯ ಒಡೆಯರೂ ಬ್ರಿಟಿಷರೇ ಅಲ್ವಾ?" ಅವಳ ಪ್ರಶ್ನೆಯನ್ನು ಹಗುರವಾಗಿ ದಾಟಲು ಆಗುವುದಿಲ್ಲ. ಹಾಂಗ್‌ಕಾಂಗ್‌ನ ಶಾಸನ ಪರಿಷತ್ತಿಗೆ ಚುನಾಯಿತ ಸದಸ್ಯರು ಬಂದದ್ದು 1985ರಲ್ಲಿ, ಅದೂ ಪರೋಕ್ಷ ಚುನಾವಣೆಯಿಂದ. ಅದಕ್ಕೂ ಮೊದಲು ಹಾಂಗ್‌ಕಾಂಗ್‌ನ ಹೆಸರಿನಲ್ಲಿ ಮಾತಾಡುತ್ತಿದ್ದವರು ರಾಜ್ಯಪಾಲರು ನೇಮಿಸಿದವರು ಮತ್ತು ದೊಡ್ಡ ವ್ಯಾಪಾರಿ ಮನೆತನಗಳು. ಕ್ಯಾಥೆಯ ಅಧ್ಯಕ್ಷರಾಗಿದ್ದ ಜಾನ್ ಬ್ರೆಮ್ರಿಜ್ ಮುಂದೆ ಅದೇ ವಸಾಹತಿನ ಹಣಕಾಸು ಕಾರ್ಯದರ್ಶಿಯಾದರು. 1985ರಲ್ಲಿ ಸ್ಥಳೀಯ ಚೀನೀ ಬಂಡವಾಳದಿಂದ ಡ್ರ್ಯಾಗನೇರ್ ಎಂಬ ಸಂಸ್ಥೆ ಹುಟ್ಟಿದಾಗ, ಅವರ ಅಧಿಕಾರಾವಧಿಯಲ್ಲೇ ಒಂದು ಮಾರ್ಗಕ್ಕೆ ಹಾಂಗ್‌ಕಾಂಗ್‌ನ ಒಂದೇ ಸಂಸ್ಥೆ ಎಂಬ ನೀತಿ ಜಾರಿಗೆ ಬಂದು, ಈಗಾಗಲೇ ಮಾರ್ಗಗಳನ್ನು ಹಿಡಿದಿದ್ದ ಕ್ಯಾಥೆಗೆ ಅನುಕೂಲವಾಯಿತು. ಐದು ವರ್ಷ ಹಿಂದೆ ಲಂಡನ್ನಿನಲ್ಲಿ ಸ್ಪರ್ಧೆಯ ಪರ ವಾದಿಸಿದ್ದ ಸಂಸ್ಥೆಗೆ ತನ್ನ ಮನೆಯಲ್ಲಿ ಸ್ಪರ್ಧೆಯಿಂದ ರಕ್ಷಣೆ ಸಿಕ್ಕಿತು.

ಇಷ್ಟನ್ನು ಒಪ್ಪಿಕೊಂಡ ಮೇಲೂ ನನ್ನ ಅಭಿಪ್ರಾಯ ಹಾಂಗ್‌ಕಾಂಗ್‌ನ ಮೊದಲ ವಿಚಾರಣೆಯ ಪರವಾಗಿಯೇ ಇದೆ. ಅರ್ಜಿದಾರನ ಬಂಡವಾಳ ಯಾರದು ಎಂಬುದು ಒಂದು ಪ್ರಶ್ನೆ, ನೆಲದ ಮೇಲೆ ನಡೆಯುವ ವಿಚಾರಣೆಯಲ್ಲಿ ಯಾರ ಮಾತು ದಾಖಲಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಅಣಕು ವಿಚಾರಣೆಯಲ್ಲಿಯೇ ಅದು ಕಣ್ಣಿಗೆ ಕಟ್ಟುವಂತೆ ಕಂಡಿತು: ಹಳ್ಳಿಗರ ಸಾಕ್ಷ್ಯ ಮೊದಲ ಪೀಠದ ಆದೇಶದಲ್ಲಿ ಪುಟಗಟ್ಟಲೆ ಇತ್ತು, ಎರಡನೆಯದರಲ್ಲಿ ಒಂದು ಸಾಲಿಗೆ ಇಳಿಯಿತು. ಎರಡೂ ಪೀಠಗಳಲ್ಲಿ ಕುಳಿತವರು ಪ್ರಾಮಾಣಿಕರೇ. ಅವರು ಯಾವ ಕಾಯ್ದೆಗೆ ಉತ್ತರ ಕೊಡಬೇಕಿತ್ತೋ ಅದು ಯಾರಿಗಾಗಿ ಬರೆದದ್ದು ಎಂಬುದರಿಂದ ಆ ವ್ಯತ್ಯಾಸ ಬಂತು.

ಭಾರತ ವಸಾಹತಾಗಿದ್ದಾಗ ಇಂಥದ್ದು ನಡೆದಿತ್ತೇ ಎಂದು ಹಲವರು ಕೇಳಿದರು. ನಡೆದಿತ್ತು, ಅದರ ಒಂದು ಎಳೆ ನಮ್ಮ ಬಳ್ಳಾರಿಯವರೆಗೂ ಬರುತ್ತದೆ. ಇಂಪೀರಿಯಲ್ ಏರ್‌ವೇಸ್ 1929ರ ಮಾರ್ಚ್ 30ರಂದು ಲಂಡನ್ನಿನಿಂದ ಕರಾಚಿಗೆ ಸೇವೆ ಆರಂಭಿಸಿತು. ಅಲ್ಲಿಂದ ಮುಂದೆ ಭಾರತವನ್ನು ದಾಟಿ ಪೂರ್ವಕ್ಕೆ ಹೋಗುವ ದಾರಿಯನ್ನು ಬ್ರಿಟಿಷ್ ಕಂಪನಿಗೆ ಹಾಗೆಯೇ ಬಿಟ್ಟುಕೊಡಲು ದೆಹಲಿಯ ಸರ್ಕಾರ ಒಪ್ಪಲಿಲ್ಲ. ಆ ಸರ್ಕಾರವೂ ಬ್ರಿಟಿಷರದ್ದೇ ಎಂಬುದನ್ನು ಮರೆಯಬಾರದು. 1929ರ ಕೊನೆಯಲ್ಲಿ ಕರಾಚಿ–ದೆಹಲಿ ಸೇವೆ ಭಾರತ ಸರ್ಕಾರದ ಹೆಸರಿನಲ್ಲಿ, ಇಂಪೀರಿಯಲ್‌ನಿಂದಲೇ ಬಾಡಿಗೆಗೆ ಪಡೆದ ವಿಮಾನಗಳಿಂದ ನಡೆಯಿತು. 1933ರಲ್ಲಿ ಇಂಡಿಯನ್ ಟ್ರಾನ್ಸ್-ಕಾಂಟಿನೆಂಟಲ್ ಏರ್‌ವೇಸ್ ಎಂಬ ಕಂಪನಿ ಸ್ಥಾಪನೆಯಾದಾಗ ಅದರ ಷೇರುಗಳಲ್ಲಿ ಇಂಪೀರಿಯಲ್‌ಗೆ ಶೇ 51, ಇಂಡಿಯನ್ ನ್ಯಾಷನಲ್ ಏರ್‌ವೇಸ್‌ಗೆ ಶೇ 25, ಭಾರತ ಸರ್ಕಾರಕ್ಕೆ ಶೇ 24 ಪಾಲು. ಹೆಸರಿನಲ್ಲಿ ಭಾರತವಿತ್ತು, ಹಿಡಿತ ಶೇ 51ರವರದ್ದು. ಇದರ ನಡುವೆಯೇ 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಅಂಚೆ ಹೊತ್ತು ತಂದರು, ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಕರಾಚಿಯವರೆಗೆ ಸಾಮ್ರಾಜ್ಯದ ವಿಮಾನದಲ್ಲಿ ಬಂದ ಅಂಚೆಯನ್ನು ದಕ್ಷಿಣಕ್ಕೆ ಹಂಚುವ ಕೆಲಸ ಭಾರತೀಯರ ಪಾಲಿಗೆ ಬಂತು, ಕರಾಚಿಯಿಂದ ಲಂಡನ್ನಿನತ್ತ ಹಾರುವ ಹಕ್ಕು ಬರಲಿಲ್ಲ. ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ವಿಮಾನ ಮುಂಬೈಯಿಂದ ಲಂಡನ್ನಿಗೆ ಹೊರಟದ್ದು 1948ರ ಜೂನ್ 8ರಂದು, ಸ್ವಾತಂತ್ರ್ಯ ಬಂದ ಮೇಲೆ.

ಹಾಂಗ್‌ಕಾಂಗ್ ವಿಷಯದಲ್ಲಿ ಉಳಿದ ಒಂದು ಪ್ರಶ್ನೆಯನ್ನು ವಿದ್ಯಾರ್ಥಿಗಳು ಈಗಲೂ ಬಿಟ್ಟಿಲ್ಲ. 1984ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಚೀನಾ ಸಹಿ ಮಾಡಿದ ಜಂಟಿ ಘೋಷಣೆಯಲ್ಲಿ ಹಾಂಗ್‌ಕಾಂಗ್ ತನ್ನದೇ ವಿಮಾನಯಾನ ವ್ಯವಸ್ಥೆಯನ್ನು ಇಟ್ಟುಕೊಳ್ಳಬೇಕೆಂದು ಬರೆಯಲಾಯಿತು, ಅದರ ಬೆನ್ನಲ್ಲೇ 1986ರಲ್ಲಿ ಹಾಂಗ್‌ಕಾಂಗ್ ತನ್ನ ಹೆಸರಿನಲ್ಲಿ ನೆದರ್ಲೆಂಡ್ಸ್‌ನೊಂದಿಗೆ ಮೊದಲ ವಿಮಾನ ಒಪ್ಪಂದ ಮಾಡಿಕೊಂಡಿತು. ಹಾಂಗ್‌ಕಾಂಗ್ 1997ರಲ್ಲಿ ಚೀನಾಕ್ಕೆ ಮರಳಿದಾಗ ಜಾರಿಗೆ ಬಂದ ಅದರ ಮೂಲ ಕಾನೂನಿನ 133ನೆಯ ವಿಧಿಯೂ ಹಾಂಗ್‌ಕಾಂಗ್ ಸರ್ಕಾರ ಇಂಥ ಒಪ್ಪಂದಗಳನ್ನು ಮಾಡಿಕೊಳ್ಳಬಹುದೆನ್ನುತ್ತದೆ, ಆದರೆ ಚೀನಾದ ಕೇಂದ್ರ ಸರ್ಕಾರದ ನಿರ್ದಿಷ್ಟ ಅಧಿಕಾರದಾನದ ಮೇರೆಗೆ. ಅಧಿಕಾರ ಕೊಟ್ಟವರು ಅದನ್ನು ಹಿಂಪಡೆಯಬಹುದೇ, ಪಡೆದರೆ ಆಗಲೇ ಆಗಿರುವ ಒಪ್ಪಂದಗಳ ಗತಿಯೇನು ಎಂದು ಸಾಗರದ ಹುಡುಗನೂ ಹೊಸನಗರದವನೂ ಕಾಲೇಜಿನ ಮೆಟ್ಟಿಲ ಮೇಲೆ ನಿಂತು ವಾದ ಮಾಡುತ್ತಿರುತ್ತಾರೆ. ಮುಂದಿನ ವರ್ಷ ಇಂಡಿಯನ್ ಟ್ರಾನ್ಸ್-ಕಾಂಟಿನೆಂಟಲ್ ಷೇರು ಹಂಚಿಕೆಯನ್ನೇ ವಿಚಾರಣೆಗೆ ಇಡಬೇಕೆಂದು ಅವರೆಲ್ಲ ಸೇರಿ ಅರ್ಜಿ ಕೊಟ್ಟಿದ್ದಾರೆ; ಶೇ 24ರ ಪಾಲಿನ ದೆಹಲಿ ಸರ್ಕಾರದ ಪರ ವಾದಿಸಲು ಭದ್ರಾವತಿಯ ವಿದ್ಯಾರ್ಥಿನಿ ಈಗಲೇ ಹೆಸರು ಕೊಟ್ಟಿದ್ದಾಳೆ.